ಮೂರು ಪೆಟ್ಟಿಗೆಯಲ್ಲಿ ನಾಲ್ಕು ಸೈಕಲ್

ಪೈಪು ಜೋಡಿಸುವುದು ಪ್ಲಂಬರನ ಹೊಟ್ಟೆಪಾಡು, ಬಿಎಂಎಕ್ಸ್ ಸೈಕಲ್ ಅವನ ಹುಚ್ಚು. ನಲವತ್ತಾರು ದಾಟಿದರೂ, ಭಾನುವಾರ ಹಳೆಯ ಗೋದಾಮಿನ ಹಿಂದೆ ಕ್ಷೌರಿಕ, ಬೇಕರಿಯವನು, ಬಸ್ ಡ್ರೈವರ್ ಈ ಮೂವರು ಗೆಳೆಯರ ಜೊತೆ ಆ ಗಿಡ್ಡ ಸೈಕಲ್ ಹಾರಿಸದಿದ್ದರೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ವರ್ಷಕ್ಕೊಮ್ಮೆ ನಾಲ್ವರೂ ಸೈಕಲ್ ಬಿಚ್ಚಿ ಪೆಟ್ಟಿಗೆಗೆ ತುಂಬಿಕೊಂಡು ಪರದೇಶದ ಸೈಕಲ್ ಮೈದಾನಕ್ಕೆ ಹೊರಡುವರು. ಒಬ್ಬನ ಪೆಟ್ಟಿಗೆ ಭಾರವಾದರೆ ಉಳಿದವರು ಅವನ ಸಾಮಾನು ಹಂಚಿಕೊಳ್ಳುವುದು ಅವರ ರೂಢಿ.

ಕಳೆದ ವರ್ಷ ಪ್ಲಂಬರನ ಮಂಡಿ ಕೈಕೊಟ್ಟಿತು. ಆಪರೇಷನ್ ಆದ ದಿನವೇ ಹೆಂಡತಿ ಸೈಕಲ್ಲನ್ನು ಶೆಡ್ಡಿಗೆ ತಳ್ಳಿ ಬೀಗ ಜಡಿದಳು. "ಇನ್ನೊಮ್ಮೆ ಮುಟ್ಟಿ ನೋಡಿ, ಆಮೇಲಿದೆ ನಿಮಗೆ!" ಈಚೆಗೆ ಡಾಕ್ಟರು ಹೂಂ ಅಂದರೂ, ಬೀಗದ ಕೈ ಕೇಳಲು ಅವನಿಗೆ ಬಾಯಿ ಬರಲಿಲ್ಲ. ಈ ಸಲ ಸೈಕಲ್ ಇಲ್ಲದೆಯೇ ಹೊರಟ.

"ನಿಮ್ಮ ಫೋಟೋನಾದ್ರೂ ತೆಗೀತೀನಿ ಬಿಡ್ರೋ," ಎಂದ ಗೆಳೆಯರಿಗೆ.

ಅಲ್ಲಿನ ಸೈಕಲ್ ಮೈದಾನದ ಅಂಚಿನಲ್ಲಿ ಗೆಳೆಯರು ಪೆಟ್ಟಿಗೆ ಬಿಚ್ಚಿದರು. ಕ್ಷೌರಿಕನ ಪೆಟ್ಟಿಗೆಯಿಂದ ಎರಡು ಚಕ್ರ ಹೆಚ್ಚಿಗೆ ಬಂದವು. ಬೇಕರಿಯವನು ಇನ್ನೊಂದು ಹ್ಯಾಂಡಲ್ ತೆಗೆದ. ಬಸ್ ಡ್ರೈವರ್ ಎಳೆದ ಫ್ರೇಮಿನ ಮೇಲೆ ಪ್ಲಂಬರ್ ತಾನೇ ಸುತ್ತಿದ್ದ ಬಿಳಿಯ ಪೈಪ್ ಟೇಪು!

"ನಂದು ಕಣ್ರೋ ಇದು! ಬೀಗ ಒಡೆದ್ರಾ?"

ಮೂವರೂ ನಗುತ್ತಲೇ ಸೈಕಲ್ ಜೋಡಿಸತೊಡಗಿದರು.

"ಸೀಟೆಲ್ಲೋ ಮತ್ತೆ?"

"ನಿನ್ನ ಬ್ಯಾಗಲ್ಲೇ ನೋಡೋ, ಪುಣ್ಯಾತ್ಮ."

ಹೆಂಡತಿ ಇಸ್ತ್ರಿ ಮಾಡಿ ಜೋಡಿಸಿಟ್ಟಿದ್ದ ಅಂಗಿಗಳ ಅಡಿಯಲ್ಲಿ, ಟವೆಲ್ಲಿನಲ್ಲಿ ಸುತ್ತಿದ ಸೀಟು ಇತ್ತು. ಜೊತೆಗೆ ಮಂಡಿಗೆ ಕಟ್ಟುವ ಹೊಚ್ಚಹೊಸ ಪ್ಯಾಡು. ಅವನು ಮನೆಗೆ ಫೋನ್ ಮಾಡಿದ.

"ಲೇ, ಸೀಟು ಸಿಕ್ತು..."

"ಸಿಕ್ತಲ್ಲ, ಮತ್ತಿನ್ನೂ ಫೋನ್ ಹಿಡ್ಕೊಂಡು ಏನ್ ಮಾಡ್ತಿದ್ದೀರಿ?" ಎಂದಳು ಹೆಂಡತಿ. "ಸೈಕಲ್ ಹತ್ತಿ!"