ತಿಂಡಿ ತಿಂದವರಿಗಷ್ಟೇ ಕೊಕ್ಕೆ

ಬೆಳಗಿನ ಐದೂವರೆ. ಗೋದಾಮಿನ ಅಂಗಳದಲ್ಲಿ ನಿಂತ ಲಾರಿಗಳ ಟಾರ್ಪಾಲು ಇನ್ನೂ ಬಿಚ್ಚಿಲ್ಲ. ಗೇಟಿನ ಪಕ್ಕದ ತಗಡಿನ ಕೋಣೆಯ ಕಿಟಕಿ ಮಾತ್ರ ತೆರೆದಿದೆ. ಒಳಗೆ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ ಒಬ್ಬ ಹೆಂಗಸು, ಹೊರಗೆ ಮೂಟೆ ಹೊರುವ ಹಮಾಲರ ಸಾಲು.

"ತಿಂದ್ಯಾ?"

"ಆಯ್ತಕ್ಕ."

"ಏನು ತಿಂದೆ?"

"ಬ್ರೆಡ್ಡು."

"ಎಷ್ಟು?"

"ಎರಡು... ಅಲ್ಲ, ಒಂದೂವರೆ."

"ಉಳಿದರ್ಧ ಲಾರಿ ತಿಂತಾ? ಹೋಗು, ಮುಗಿಸ್ಕೊಂಡು ಬಾ."

ಸಾಲು ನಗುತ್ತದೆ. ಆತ ಗೊಣಗುತ್ತಾ ಟೀ ಅಂಗಡಿಯತ್ತ ಹೋಗುತ್ತಾನೆ. ಹೋಗಲೇಬೇಕು. ಮೂಟೆ ಎಳೆಯಲು ಕೊಕ್ಕೆ ಬೇಕು, ಕೊಕ್ಕೆ ಬೇಕಾದರೆ ಈ ಕಿಟಕಿಗೇ ಬರಬೇಕು. ಈಕೆಯನ್ನು ಇಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಕೊಕ್ಕೆ ಕೊಡುವ ಅಕ್ಕ ಕೊಕ್ಕೆಯಕ್ಕ ಆಗಿ ಒಂಬತ್ತು ವರ್ಷವಾಯಿತು.

ಕೋಣೆ ಹತ್ತು ಹೆಜ್ಜೆ ಉದ್ದ, ಆರು ಹೆಜ್ಜೆ ಅಗಲ. ಒಂದು ಗೋಡೆಗೆ ಮೊಳೆ ಹೊಡೆದು ಅರವತ್ತೆರಡು ಕಬ್ಬಿಣದ ಕೊಕ್ಕೆ ನೇತುಹಾಕಿದ್ದಾರೆ. ಎದುರು ಗೋಡೆಯಲ್ಲಿ ಹಲಗೆಯ ಗೂಡುಗಳು, ಅವೂ ಅರವತ್ತೆರಡು. ಹಮಾಲರು ಕೆಲಸಕ್ಕೆ ಇಳಿಯುವ ಮುಂಚೆ ಅಂಗಿ, ಚಪ್ಪಲಿ, ಬೀಗದ ಕೈ, ಬಾಚಣಿಗೆ ಎಲ್ಲ ಅಲ್ಲಿಡುತ್ತಾರೆ. ಮಾತ್ರೆಯ ಪಟ್ಟಿಯೂ ಅಲ್ಲೇ. ಯಾರ ಪಟ್ಟಿಯಲ್ಲಿ ನಿನ್ನೆ ಆರಿತ್ತು, ಇವತ್ತು ಎರಡೇ ಉಳಿದಿದೆ ಎಂಬುದು ಕೊಕ್ಕೆಯಕ್ಕನ ಕಣ್ಣು ತಪ್ಪುವುದಿಲ್ಲ.

ಒಂದು ಮೂಟೆ ಐವತ್ತು ಕಿಲೊ. ಲಾರಿಯಿಂದ ಗೋದಾಮಿಗೆ ನಲವತ್ತು ಹೆಜ್ಜೆ, ಅದರಲ್ಲಿ ಏಳು ಮೆಟ್ಟಿಲು. ಒಬ್ಬೊಬ್ಬ ದಿನಕ್ಕೆ ನೂರಿಪ್ಪತ್ತು ಮೂಟೆ ಹೊರುತ್ತಾನೆ. ಸೋಮವಾರ ಎರಡು ದಿನದ ಸರಕು ಒಟ್ಟಿಗೆ ಬರುತ್ತದೆ, ಅವತ್ತು ನೂರೈವತ್ತು ದಾಟುತ್ತದೆ. ಲಾರಿಗೆ ಇಷ್ಟೇ ತೂಕ ಎಂದು ಬಾಗಿಲ ಮೇಲೆ ಬಣ್ಣದಲ್ಲಿ ಬರೆದಿರುತ್ತಾರೆ, ಹೆಚ್ಚಾದರೆ ದಂಡ ಹಾಕುತ್ತಾರೆ. ಮನುಷ್ಯನ ಬೆನ್ನಿಗೆ ಹೀಗೆ ಬರೆಯಬೇಕು ಎಂದು ಯಾವ ಪುಣ್ಯಾತ್ಮನಿಗೂ ಹೊಳೆದಿಲ್ಲ. ಹಮಾಲರ ಮೇಲ್ವಿಚಾರಣೆಯ ಮೇಸ್ತ್ರಿಗೆ ಹೊಳೆದದ್ದು ಬೇರೆ. ಅವನು ಜೇಬಿನಲ್ಲಿ ಒಂದು ತಗಡಿನ ಡಬ್ಬಿ ಇಟ್ಟುಕೊಂಡಿದ್ದಾನೆ. ಯಾರಾದರೂ ಸೊಂಟ ಹಿಡಿದುಕೊಂಡರೆ ಡಬ್ಬಿಯ ಮುಚ್ಚಳ ತೆಗೆದು ಮಕ್ಕಳಿಗೆ ಪೆಪ್ಪರ್ಮಿಂಟು ಕೊಡುವ ಹಾಗೆ ಒಂದು ನೋವಿನ ಮಾತ್ರೆ ಕೊಡುತ್ತಾನೆ. ಡಾಕ್ಟರ್ ಚೀಟಿ ಇಲ್ಲದೆ ಕೊಡಬಾರದ ಮಾತ್ರೆ ಅದು. "ನುಂಗು, ನಡಿ" ಎನ್ನುತ್ತಾನೆ. ಊಟ ಆಯಿತಾ ಎಂದು ಕೇಳುವ ಗೋಜಿಗೆ ಹೋಗುವುದಿಲ್ಲ. ಮೂಟೆ ಒಳಗೆ ಬಿದ್ದರೆ ಅವನ ಕೆಲಸ ಮುಗಿಯಿತು.

ಆ ಮಾತ್ರೆ ಏನು ಮಾಡಬಲ್ಲದು ಎಂಬುದನ್ನು ಕೊಕ್ಕೆಯಕ್ಕ ಕಲಿತದ್ದು ಪುಸ್ತಕದಿಂದಲ್ಲ, ಸ್ವಂತ ಅಡುಗೆಮನೆಯಲ್ಲಿ. ಅವರ ಗಂಡ ಇದೇ ಅಂಗಳದ ಹಮಾಲರಾಗಿದ್ದವರು. ಮಂಡಿ ಊದಿಕೊಂಡಾಗ ಡಾಕ್ಟರ್ ಬಾವು ಇಳಿಯಲೆಂದು ಬಿಳಿ ಮಾತ್ರೆ ಬರೆದುಕೊಟ್ಟರು: ಬೆಳಿಗ್ಗೆ ಒಂದು, ಸಂಜೆ ಒಂದು, ಊಟವಾದ ಮೇಲೆ, ಐದು ದಿನ. ನೋವು ಪೂರ್ತಿ ಹೋಗಲಿಲ್ಲ. ಅಕ್ಕ ಔಷಧಿ ಅಂಗಡಿಗೆ ಹೋಗಿ ಕೇಳಿದಾಗ ಅಂಗಡಿಯವನು ಇನ್ನೊಂದು ಕಂಪನಿಯ ಕಿತ್ತಳೆ ಬಣ್ಣದ ಮಾತ್ರೆ ಕೊಟ್ಟ. ಬಿಳಿಯದರ ಜೊತೆಗೆ ಕಿತ್ತಳೆಯದನ್ನೂ ಹಾಲಿನಲ್ಲಿ ಕೊಟ್ಟರು. ಐದು ದಿನ ಹದಿನೈದು ದಿನವಾಯಿತು. ಹದಿನಾರನೆಯ ದಿನ ಗಂಡ ಬಚ್ಚಲಲ್ಲಿ ಕುಸಿದು ಬಿದ್ದರು. ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸುರಿಯುತ್ತಿತ್ತು.

"ಡಾಕ್ಟರ್ ಎರಡೂ ಪಟ್ಟಿ ತಿರುಗಿಸಿ ತೋರಿಸಿದ್ರು," ಎನ್ನುತ್ತಾರೆ ಕೊಕ್ಕೆಯಕ್ಕ. "ದೊಡ್ಡ ಅಕ್ಷರದ ಹೆಸರು ಬೇರೆ ಬೇರೆ. ಕೆಳಗೆ ಸಣ್ಣ ಅಕ್ಷರ ಇರುತ್ತಲ್ಲ, ಒಳಗಿರೋ ಮದ್ದಿನ ಹೆಸರು, ಅದು ಎರಡರಲ್ಲೂ ಒಂದೇ. ನಾನು ಪ್ರೀತಿಯಿಂದ ಡಬಲ್ ಮಾಡಿ ಕುಡಿಸಿದ್ದೆ."

ಗಂಡ ಬದುಕಿದರು, ಆದರೆ ಹೊರುವ ಕೆಲಸಕ್ಕೆ ಮರಳಲಿಲ್ಲ. ಈಗ ಮನೆ ಬಾಗಿಲಲ್ಲಿ ಕೂತು ಹಮಾಲರು ಬೆನ್ನಿಗೆ ಕಟ್ಟಿಕೊಳ್ಳುವ ಗೋಣಿಯ ಮೆತ್ತೆ ಹೊಲಿಯುತ್ತಾರೆ. ಸೂಜಿಗಿಂತ ಅವರ ನಾಲಿಗೆ ಚೂಪು. "ನನಗೆ ಹಾಲಲ್ಲಿ ವಿಷ ಹಾಕಿದೋಳು, ಈಗ ಅರವತ್ತೆರಡು ಗಂಡಸರಿಗೆ ಬುದ್ಧಿ ಹೇಳ್ತಾಳೆ, ಕೇಳಿ," ಎಂದು ಬಂದವರಿಗೆಲ್ಲ ಹೇಳುತ್ತಾರೆ. ಅಕ್ಕನೂ ಬಿಡುವುದಿಲ್ಲ: "ಸರಿಯಾಗಿ ಹಾಕಿದ್ರೆ ಈ ಮಾತು ಕೇಳೋ ಕಷ್ಟ ಇರ್ತಿರಲಿಲ್ಲ." ಇಬ್ಬರೂ ನಗುತ್ತಾರೆ.

ಕೊಕ್ಕೆ ಕೋಣೆಯ ಕೆಲಸ ಸಿಕ್ಕಾಗ ಮೊದಮೊದಲು ಅವರು ಮಾತ್ರೆ ಇಟ್ಟುಕೊಂಡವರನ್ನಷ್ಟೇ ಊಟದ ಬಗ್ಗೆ ಕೇಳುತ್ತಿದ್ದರು. ಮಾರನೆಯ ದಿನವೇ ಒಬ್ಬರ ಗೂಡಿನಲ್ಲೂ ಮಾತ್ರೆ ಕಾಣಲಿಲ್ಲ, ಎಲ್ಲ ಚಡ್ಡಿ ಜೇಬಿಗೆ ಹೋಗಿತ್ತು. ಅಂದಿನಿಂದ ಎಲ್ಲರನ್ನೂ ಕೇಳುತ್ತಾರೆ. ತಿಂಡಿ ಏನು? ಪಟ್ಟಿಯಲ್ಲಿ ಎಷ್ಟು ಉಳಿದಿದೆ? ಚೀಟಿಯಲ್ಲಿ ಬರೆದ ದಿನ ಮುಗಿಯಿತೋ ಇಲ್ಲವೋ? ಬೇರೆ ಇನ್ನೇನು ನುಂಗುತ್ತಿದ್ದೀಯ? ಕೊನೆಯ ಪ್ರಶ್ನೆಗೆ ಮಾತ್ರ ದನಿ ತಗ್ಗಿಸುತ್ತಾರೆ: ಮಲ ಕಪ್ಪಗೆ ಹೋಗುತ್ತಿದೆಯಾ? ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದರೆ ಅದು ಕಪ್ಪಗಾಗುತ್ತದೆ. ಮೊದಲು ಗಂಡಸರು ನಾಚಿ ನೆಲ ನೋಡುತ್ತಿದ್ದರು. ಈಗ ಹವಾಮಾನ ಹೇಳುವಷ್ಟು ಸಲೀಸಾಗಿ ಹೇಳುತ್ತಾರೆ.

ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವ ಇಬ್ಬರು ಹಿರಿಯರಿದ್ದಾರೆ. ಅವರಿಗೆ ಅಕ್ಕನ ಕಟ್ಟಪ್ಪಣೆ: ಡಾಕ್ಟರನ್ನು ಕೇಳದೆ ನೋವಿನ ಮಾತ್ರೆ ಮುಟ್ಟುವ ಹಾಗಿಲ್ಲ. ಕಿಟಕಿಯ ಕೆಳಗೆ ನೀರಿನ ಡ್ರಮ್ಮಿದೆ. ಬೆವರಿ ಒಣಗಿದ ಮೈಗೆ ಈ ಮಾತ್ರೆ ಬಿದ್ದರೆ ಮೂತ್ರಪಿಂಡಕ್ಕೂ ಪೆಟ್ಟು ಎಂದು ಆಸ್ಪತ್ರೆಯಲ್ಲಿ ಕೇಳಿ ತಿಳಿದುಕೊಂಡ ಮೇಲೆ ಹಟ ಹಿಡಿದು ಇಡಿಸಿದ್ದು.

"ತಿಂದು ನುಂಗಿದ್ರೆ ಏನೂ ಆಗಲ್ಲ ಅಂತಲ್ಲ," ಎನ್ನುತ್ತಾರೆ. "ಹುಣ್ಣು ಆಗೋದಾದ್ರೆ ತಿಂದವರಿಗೂ ಆಗುತ್ತೆ. ಆದಷ್ಟು ಕಡಿಮೆ ಮಾತ್ರೆ, ಆದಷ್ಟು ಕಡಿಮೆ ದಿನ, ಹೆಚ್ಚು ಬೇಕು ಅನ್ನಿಸಿದ್ರೆ ಡಾಕ್ಟರ್ ಹತ್ರ. ಇಷ್ಟೇ ನನ್ನ ವಿದ್ಯೆ."

ಇಷ್ಟು ವಿದ್ಯೆಗೂ ಸಿಗದ ಒಂದು ಚಾಳಿ ಈ ಅಂಗಳದಲ್ಲಿದೆ. ಭಾನುವಾರ ರಜೆ. ಮೈಗೆ ವಿಶ್ರಾಂತಿ, ಹಾಗಾಗಿ ಅವತ್ತಿನ ಎರಡು ಮಾತ್ರೆ ನುಂಗುವುದಿಲ್ಲ, ಉಳಿಸಿಡುತ್ತಾರೆ. ಸೋಮವಾರ ಸರಕು ಹೆಚ್ಚಲ್ಲವೇ? ಅವತ್ತು ಬೆಳಿಗ್ಗೆ ಉಳಿಸಿದ್ದೂ ಅವತ್ತಿನದೂ ಸೇರಿಸಿ ಒಟ್ಟಿಗೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಹೊರುವವರ ಲೆಕ್ಕದಲ್ಲಿ ಇದು ಜಾಣತನ. ಹೊಟ್ಟೆಗೆ ಆ ಲೆಕ್ಕ ಗೊತ್ತಿಲ್ಲ.

ಕಳೆದ ತಿಂಗಳ ಒಂದು ಸೋಮವಾರ ಸಾಲಿನಲ್ಲಿ ಜೋಡಿಮೂಟೆ ನಿಂತಿದ್ದ. ಎರಡು ಮೂಟೆ ಒಟ್ಟಿಗೆ ಹೊರುವ ಆಳು, ಮೂವತ್ತೈದರ ಗಟ್ಟಿಗ, ಅಂಗಳದ ಹೆಮ್ಮೆ. ಅವತ್ತು ಕಿಟಕಿಯ ಚೌಕಟ್ಟಿಗೆ ಒರಗಿ ನಿಂತಿದ್ದ. ತಣ್ಣನೆಯ ಬೆಳಗಿನಲ್ಲೂ ಹಣೆ ಬೆವರಿತ್ತು.

"ತಿಂದ್ಯಾ?"

"ಸೇರಲಿಲ್ಲ ಅಕ್ಕ. ಕೊಕ್ಕೆ ಕೊಡು."

"ಕೈ ತೋರಿಸು."

ಅಂಗೈಯಲ್ಲಿ ನಾಲ್ಕು ಮಾತ್ರೆ. ಅಂಗೈ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಐದು ದಿನಕ್ಕೆಂದು ಬರೆದ ಹಳೆಯ ಚೀಟಿಯನ್ನೇ ಅಂಗಡಿಯಿಂದ ಅಂಗಡಿಗೆ ತೋರಿಸಿ ಮೂರು ವಾರದಿಂದ ಕೊಳ್ಳುತ್ತಿದ್ದ. ಅದರ ಮೇಲೆ ಮೇಸ್ತ್ರಿಯ ಡಬ್ಬಿಯದು ಬೇರೆ. ಅಕ್ಕ ಕೊನೆಯ ಪ್ರಶ್ನೆ ಕೇಳಿದರು. ಅವನು ಮುಖ ತಿರುಗಿಸಿದ. "ಶನಿವಾರದಿಂದ ಹಾಗೇ. ಡಾಂಬರಿನ ಥರ."

ಅಕ್ಕ ಅವನ ಕೊಕ್ಕೆಯನ್ನು ಮೊಳೆಯಿಂದ ತೆಗೆದು ತಮ್ಮ ಮಡಿಲಲ್ಲಿಟ್ಟುಕೊಂಡರು. "ಇವತ್ತು ಕೊಡಲ್ಲ. ಆಸ್ಪತ್ರೆಗೆ ನಡಿ."

"ಸೋಮವಾರ ಕಣಕ್ಕ! ಮೂರು ಲಾರಿ ನಿಂತಿದೆ! ನೀನೇನು ನನ್ನ ಹೆಂಡ್ತಿಯಾ?"

"ಹೆಂಡ್ತಿಯಾಗಿದ್ರೆ ಕೊಟ್ಟುಬಿಡ್ತಿದ್ದೆ ಕಣೋ. ನಮ್ಮನೆಯವರಿಗೆ ಕೊಟ್ಟೋಳು ನಾನೇ."

ಗಲಾಟೆ ಕೇಳಿ ಮೇಸ್ತ್ರಿ ಬಂದ. ಹರಳೆಣ್ಣೆ ಕುಡಿದ ಮುಖ. "ಕೊಕ್ಕೆ ಕೊಡೋದು ನಿನ್ನ ಕೆಲಸ, ನಾಡಿ ಹಿಡಿಯೋದಲ್ಲ. ಕೊಡ್ತೀಯೋ, ಕೋಣೆ ಕೀಲಿ ಇಲ್ಲಿಡ್ತೀಯೋ?"

ಅಕ್ಕನ ಮನೆಯಲ್ಲಿ ಸಂಬಳ ತರುವವರು ಅವರೊಬ್ಬರೇ. ಗೋಣಿ ಹೊಲಿಗೆಯಿಂದ ಇಬ್ಬರ ಹೊಟ್ಟೆ ತುಂಬುವುದಿಲ್ಲ. ಅದೆಲ್ಲ ತಲೆಯಲ್ಲಿ ಒಂದು ಸುತ್ತು ಬಂತು ಎಂದು ಅಕ್ಕ ಒಪ್ಪಿಕೊಳ್ಳುತ್ತಾರೆ. "ಸುಳ್ಳು ಯಾಕೆ ಹೇಳಲಿ." ಕೀಲಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಗೆ ಬಂದರು. ಖಾಲಿಯಾಗಿ ಹೊರಟಿದ್ದ ಲಾರಿಗೆ ಅಡ್ಡ ನಿಂತು, ಜೋಡಿಮೂಟೆಯನ್ನು ಡ್ರೈವರ್ ಪಕ್ಕ ಹತ್ತಿಸಿ, ತಾವೂ ಹತ್ತಿದರು. ದಾರಿಯಲ್ಲೇ ಅವನು ವಾಂತಿ ಮಾಡಿಕೊಂಡ. ಕಾಫಿ ಗಸಿಯ ಬಣ್ಣ. ಆಸ್ಪತ್ರೆಯಲ್ಲಿ ಮೂರು ಬಾಟಲಿ ರಕ್ತ ಹಿಡಿಯಿತು. ಅವತ್ತು ಕೆಲಸಕ್ಕಿಳಿದಿದ್ದರೆ ಮೂಟೆಯ ಕೆಳಗೇ ಕುಸಿಯುತ್ತಿದ್ದ ಎಂದರು ಡಾಕ್ಟರ್.

ಮಂಗಳವಾರ ಬೆಳಿಗ್ಗೆ ಕೊಕ್ಕೆ ಕೋಣೆಯ ಕುರ್ಚಿಯಲ್ಲಿ ಮೇಸ್ತ್ರಿಯೇ ಕೂತಿದ್ದ. ಅಕ್ಕ ಗೇಟಿನ ಹೊರಗೆ ನಿಂತಿದ್ದರು. ಜೋಡಿಮೂಟೆ ಉಳಿದ ಸುದ್ದಿ ಅಷ್ಟರಲ್ಲಿ ಅಂಗಳದ ತುಂಬ ಹರಡಿತ್ತು. ಸಾಲು ಎಂದಿನ ಹಾಗೇ ನಿಂತಿತು. ಎಲ್ಲಕ್ಕಿಂತ ಮುಂದೆ ಒಬ್ಬ ಹಿರಿಯ ಹಮಾಲ.

"ಎರಡು ಬ್ರೆಡ್ಡು, ಒಂದು ಮೊಟ್ಟೆ ತಿಂದಿದ್ದೀನಿ ಸಾರ್."

"ನಾನು ಕೇಳಿದ್ನಾ? ತಗೋ, ಹೋಗು."

"ಇರಿ ಸಾರ್, ಮುಗೀಲಿಲ್ಲ. ಬಿಪಿ ಮಾತ್ರೆ ಒಂದು ತಗೊಂಡೆ. ನೋವಿಂದು ಮುಟ್ಟಿಲ್ಲ. ನೀರು ಎರಡು ಲೋಟ. ಮತ್ತೆ ಕೆಳಗಡೆ ವಿಷಯ... ಬಣ್ಣ ಚೆನ್ನಾಗಿದೆ ಸಾರ್."

ಎರಡನೆಯವನು ಬಂದ. ಅವನೂ ತಿಂಡಿಯಿಂದ ಶುರುಮಾಡಿ ಬಣ್ಣದವರೆಗೆ ಒಪ್ಪಿಸಿದ. ಮೂರನೆಯವನು ಪಟ್ಟಿ ತೆಗೆದು ಕಟ್ಟೆಯ ಮೇಲಿಟ್ಟು, "ಇದರಲ್ಲಿ ಸಣ್ಣಕ್ಷರ ಏನು ಬರೆದಿದೆ, ಓದಿ ಹೇಳಿ ಸಾರ್. ಓದದೆ ನುಂಗಲ್ಲ," ಎಂದು ನಿಂತುಬಿಟ್ಟ. ಯಾರೂ ದನಿ ಏರಿಸಲಿಲ್ಲ, ಯಾರೂ ನಗಲಿಲ್ಲ. ಒಬ್ಬೊಬ್ಬನೂ ಸಾವಧಾನವಾಗಿ, ಡಾಕ್ಟರ ಮುಂದೆ ಕೂತವನ ಭಕ್ತಿಯಿಂದ, ತನ್ನ ಹೊಟ್ಟೆಯ ವರದಿ ಕೊಟ್ಟ. ಹದಿನೇಳನೆಯವನು ಬಾಯಿ ತೆರೆಯುವಷ್ಟರಲ್ಲಿ ಮೇಸ್ತ್ರಿ ಎದ್ದ. ಹೊರಗೆ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು, ಒಂದು ಮೂಟೆಯೂ ಇಳಿದಿರಲಿಲ್ಲ. ಗೇಟಿನವರೆಗೆ ಹೋಗಿ, ಅಕ್ಕನ ಮುಖ ನೋಡದೆ ಕೀಲಿ ಚಾಚಿದ.

"ಡಬ್ಬಿ?" ಎಂದರು ಅಕ್ಕ.

"ಯಾವ ಡಬ್ಬಿ?"

"ಜೇಬಲ್ಲಿರೋದು. ಅದೂ ಕೊಡಿ."

ಅರವತ್ತೊಂದು ಜನ ನೋಡುತ್ತಿದ್ದರು. ಕೊಟ್ಟ.

ಜೋಡಿಮೂಟೆಗೆ ಮೂರು ತಿಂಗಳು ಭಾರ ಎತ್ತುವ ಹಾಗಿಲ್ಲ. ಸಂಸಾರ ನಡೆಯಬೇಕಲ್ಲ? ಕೊಕ್ಕೆಯಕ್ಕನ ಗಂಡನ ಪಕ್ಕ ಕೂತು ಮೆತ್ತೆ ಹೊಲಿಯುತ್ತಾನೆ, ಬೈಸಿಕೊಳ್ಳುತ್ತಾನೆ. ಮೊನ್ನೆ ಬಂದು ಮೊಳೆಯಲ್ಲಿ ನೇತಾಡುವ ತನ್ನ ಕೊಕ್ಕೆಯನ್ನು ನೋಡಿ ಹೋದ. ಅವನನ್ನು ಇನ್ನು ಕೆಲಸಕ್ಕೆ ಕರೆಯುತ್ತಾರೋ ಇಲ್ಲವೋ, ಹೇಳುವವರಿಲ್ಲ. ಸೋಮವಾರದ ಸರಕು ಕಡಿಮೆಯಾಗಿಲ್ಲ. ಮಾಲೀಕರು ಈ ಕಡೆ ತಲೆ ಹಾಕಿಲ್ಲ. ಅಕ್ಕನಿಗೆ ಯಾರೂ ಶಾಲು ಹೊದಿಸಿಲ್ಲ. ಹೊದಿಸಿದರೂ ಅದನ್ನು ಬೆನ್ನುಮೆತ್ತೆಗೆ ಕತ್ತರಿಸುವವರೇ ಅವರು.

ಏನಾದರೂ ಆಸೆ ಇದೆಯಾ ಎಂದರೆ ಕನ್ನಡಕ ಒರೆಸುತ್ತಾ ಹೇಳುತ್ತಾರೆ:

"ನಾನು ಕಲಿತಿರೋದು ಐದು ಪ್ರಶ್ನೆ. ಆರನೇದು ಒಂದು ಇದ್ದು, ಅದು ನನಗೆ ಗೊತ್ತಿಲ್ಲದೆ ಯಾರದ್ದಾದ್ರೂ ಜೀವ ಹೋದ್ರೆ ಅಂತ ಭಯ ಆಗುತ್ತೆ. ವಾರಕ್ಕೊಂದು ದಿನ ಓದಿರೋ ಡಾಕ್ಟರ್ ಒಬ್ಬರು ಇಲ್ಲಿಗೆ ಬರಲಿ. ಈ ಕುರ್ಚಿ ಅವರಿಗೆ ಬಿಟ್ಟುಕೊಡ್ತೀನಿ. ಅವತ್ತು ನಾನು ನಿಂತ್ಕೊಂಡೇ ಕೊಕ್ಕೆ ಕೊಡ್ತೀನಿ."