ಚೀಲ ಕೆಳಗಿಳಿಸಿದ ಸುಮಿತ್ರಾ

ಕಳೆದ ಭಾನುವಾರ ನಮ್ಮ ಮನೆಯ ಗೇಟಿನೆದುರು ಒಂದು ಚೀಲ ವ್ಯಾನಿನೊಳಗೆ ಹೋಯಿತು. ಮರುಗಳಿಗೆಗೆ ಹೊರಗೆ ಬಂತು. ಅಷ್ಟೇ! ಹೆಚ್ಚುಕಡಿಮೆ ಗಟ್ಟಿಯಾಗಿದ್ದ ಮದುವೆಯೊಂದು ಅಲ್ಲಿಗೆ ಮುರಿದುಬಿತ್ತು.

ಚೀಲ ನನ್ನ ಗೆಳತಿ ಸುಮಿತ್ರಾಳದ್ದು. ನಮ್ಮ ಕೊಪ್ಪದ ಬಾಳಗಡಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದಾಳೆ. ಊರಿನ ಅರ್ಧ ಹೆಂಗಸರ ರವಿಕೆ ಅಳತೆ ಅವಳಿಗೆ ಬಾಯಿಪಾಠ. (ನನ್ನದು ವರ್ಷವರ್ಷವೂ ಬೆಳೆಯುವುದರಿಂದ ಟೇಪು ಹಿಡಿಯಲೇಬೇಕು.)

ಕಟ್ಟಿಕೊಂಡ ಗಂಡ ಹೊಡೆಯುತ್ತಿದ್ದ. ಬಿಟ್ಟು ಬಂದಳು. ಆಮೇಲೆ ಸಿಕ್ಕವನು ದೇವರಂಥವನು ಅಂದುಕೊಂಡಳು. ಅವನೇ ಮೊಬೈಲ್ ಕೊಡಿಸಿದ. ಆಮೇಲೆ ಅದಕ್ಕೆ ಯಾರ್ಯಾರು ಫೋನ್ ಮಾಡಿದರೆಂದು ದಿನಾ ತೆಗೆದು ನೋಡತೊಡಗಿದ. ಕೊನೆಗೊಂದು ದಿನ ಅವನ ಕೈಯೂ ಮೇಲೆದ್ದಿತು. ಮುಖ ಬೇರೆ, ಊರು ಬೇರೆ, ಪೆಟ್ಟು ಮಾತ್ರ ಅದೇ! ಅವನನ್ನೂ ಬಿಟ್ಟಳು. “ನಂಗೆ ಇಂಥವರೇ ಯಾಕೆ ಸಿಕ್ತಾರೆ ಮಾರಾಯ್ತಿ?” ಎಂದು ಅವಳು ನನ್ನೆದುರು ಅತ್ತಿದ್ದಳು.

ಈಗ ಬಂದಿದ್ದು ಮೂರನೆಯವನು. ಎನ್.ಆರ್.ಪುರದ ಲೋಕೇಶ. ಹಾರ್ಡ್‌ವೇರ್ ಅಂಗಡಿ, ಹೆಂಡತಿ ತೀರಿಕೊಂಡವನು, ಕುಡಿತವಿಲ್ಲ. ಸಂಬಂಧ ತಂದವರು ಜಯಪುರದಲ್ಲಿರುವ ಸುಮಿತ್ರಾಳ ಅತ್ತಿಗೆ. ಮಾತುಕತೆ ನಮ್ಮ ಮನೆಯಲ್ಲಿ. ಮನುಷ್ಯ ಲಕ್ಷಣವಾಗಿ ಮಾತಾಡಿದ. ನನ್ನ ಕೋಡುಬಳೆ ಹೊಗಳಿದ. (ನಾನಂತೂ ಅಲ್ಲಿಗೇ ಪಾಸ್ ಮಾಡಿಬಿಟ್ಟೆ.)

ಹೊರಡುವಾಗ ಸುಮಿತ್ರಾ ಶೃಂಗೇರಿಗೆ ಹೋಗಿ ಹೊಲಿದ ಬಟ್ಟೆ ಕೊಟ್ಟು ಬರಬೇಕಿತ್ತು.

“ನಾನೇ ಬಿಡ್ತೀನಿ, ಹತ್ತಿ,” ಎಂದ ಲೋಕೇಶ.

“ಬೇಡ, ಬಸ್ಸಿಗೆ ಹೋಗ್ತೀನಿ.”

“ಅಯ್ಯೋ, ಎಂತ ಸಂಕೋಚ!” ಎಂದು ನಗುತ್ತ ಅವಳ ಕೈಯಿಂದ ಚೀಲ ತೆಗೆದು ತನ್ನ ವ್ಯಾನಿನ ಸೀಟಿನ ಮೇಲಿಟ್ಟ.

ಅತ್ತಿಗೆಯ ಮುಖ ಅರಳಿತು. ನನ್ನದೂ. ಎಷ್ಟು ಕಾಳಜಿ ಅಲ್ಲವೇ? ಆದರೆ ಸುಮಿತ್ರಾ ಬಾಗಿಲು ತೆಗೆದು ಚೀಲ ಕೆಳಗಿಳಿಸಿದಳು. “ಬೇಡ ಅಂದ್ನಲ್ಲ,” ಎಂದಳು. ದನಿ ಎತ್ತರಿಸಲಿಲ್ಲ, ಸಿಟ್ಟು ಮಾಡಲಿಲ್ಲ.

ಲೋಕೇಶನ ನಗು ಮಾಯವಾಯಿತು. “ಎಂತ ಧಿಮಾಕು ಇವಳಿಗೆ! ನಾಲ್ಕು ಜನರ ಎದುರಿಗೆ ಮರ್ಯಾದೆ ತೆಗೀತಾಳಲ್ಲ,” ಎಂದ, ಅವಳಿಗಲ್ಲ, ಅತ್ತಿಗೆಗೆ. ಮರುಕ್ಷಣವೇ ಮತ್ತೆ ನಕ್ಕು, ತಮಾಷೆಗೆ ಹೇಳಿದ್ದು ಎಂದ. ಸುಮಿತ್ರಾ ಬಸ್ ಸ್ಟ್ಯಾಂಡಿನ ಕಡೆ ನಡೆದಿದ್ದಳು. ಸಂಜೆ ಅತ್ತಿಗೆಗೆ ಸುಮಿತ್ರಾಳ ಫೋನ್ ಬಂತು, ಈ ಸಂಬಂಧ ಬೇಡ.

ನನಗೆ ತಲೆಬುಡ ತಿಳಿಯಲಿಲ್ಲ. ಬಸ್ಸಿನ ವಿಷಯಕ್ಕೆ ಯಾರಾದರೂ ಮದುವೆ ಬಿಡುತ್ತಾರೆಯೇ? ಕುತೂಹಲ ತಡೆಯಲಾಗದೆ ಸೋಮವಾರ ಬೆಳಗ್ಗೆಯೇ ಅವಳ ಅಂಗಡಿಗೆ ಹೋದೆ.

“ಒಂದು ಸಣ್ಣ ‘ಬೇಡ’ ಹೇಳಿ ನೋಡಿದೆ ಕಣೆ,” ಎಂದಳು, ಕತ್ತರಿ ಕೆಳಗಿಟ್ಟು. “ದೊಡ್ಡದಕ್ಕೆಲ್ಲ ಎಲ್ಲರೂ ಹುಷಾರಾಗಿರ್ತಾರೆ. ಸಣ್ಣದರಲ್ಲಿ ಗೊತ್ತಾಗ್ತದೆ. ಮೊದಲಿನವರಿಬ್ಬರೂ ಶುರು ಮಾಡಿದ್ದು ಹೀಗೇ. ಬೇಡ ಅಂದ್ರೂ ನಗ್ತಾ ನಗ್ತಾ ಮಾಡ್ಸೋದು. ನಾನು ಅದನ್ನೇ ಪ್ರೀತಿ ಅಂದ್ಕಂಡೆ.”

ಅವಳೊಬ್ಬಳೇ ಏನು? ನಾವೆಲ್ಲ ಅಂದುಕೊಂಡಿದ್ದೇವೆ. ನಮ್ಮ ಕಡೆ ‘ಬೇಡ’ ಎನ್ನುವ ಪದಕ್ಕೆ ಬೆಲೆಯೇ ಇಲ್ಲ. ನೆಂಟರು ಕಡುಬು ಸಾಕೆಂದು ಎಲೆಗೆ ಕೈ ಅಡ್ಡ ಹಿಡಿದರೆ, ಬೆರಳ ಸಂದಿಯಲ್ಲೇ ಇನ್ನೊಂದು ಜಾರಿಸುತ್ತೇವೆ. ಬೇಡ ಎಂದವರಿಗೆ ಬಡಿಸದಿದ್ದರೆ ಅದೆಂಥ ಉಪಚಾರ? ಅವರೂ ಬೈಯುತ್ತಲೇ ತಿನ್ನುತ್ತಾರೆ. ಊಟದೆಲೆಯಲ್ಲಿ ಇದು ಚಂದವೇ, ನಾನೇನೂ ನಿಲ್ಲಿಸುವವಳಲ್ಲ. ಆದರೆ ಹೆಣ್ಣುಮಗಳೊಬ್ಬಳು ಹುಟ್ಟಿದಾಗಿನಿಂದ ತನ್ನ ‘ಬೇಡ’ ಯಾರಿಗೂ ಕೇಳಿಸುವುದಿಲ್ಲ ಎಂದೇ ಕಲಿತರೆ? ಕೊನೆಗೆ ಅವಳಿಗೇ ಅದು ಕೇಳಿಸದೆ ಹೋಗುತ್ತದಲ್ಲ!

ಹೊಡೆದ ತಪ್ಪು ಹೊಡೆದವರದ್ದೇ. ಅದರಲ್ಲಿ ನನಗಾಗಲಿ ಅವಳಿಗಾಗಲಿ ಅನುಮಾನವಿಲ್ಲ.

“ಈಗ ನಂಗೆ ನಾನೇ ಒಂದು ಮಾತು ಕೊಟ್ಕಂಡಿದೀನಿ,” ಎಂದಳು ಸುಮಿತ್ರಾ. “ನಾ ಬೇಡ ಅಂದಿದ್ದನ್ನ, ಎದುರಿನವರ ಮುಖ ಸಣ್ಣಗಾಯ್ತು ಅಂತ ನಾನೇ ವಾಪಸ್ ತಗಳ್ಳೋದಿಲ್ಲ. ನಿನ್ನೆ ಎಷ್ಟು ಹೆದರಿಕೆ ಆಗಿತ್ತು ಗೊತ್ತಾ? ಬಸ್ಸಲ್ಲಿ ಕೂತ ಮೇಲೆ ಹಸಿವಾಯ್ತು ನೋಡು! ಶೃಂಗೇರೀಲಿ ಇಳಿದವಳೇ ಮಸಾಲೆ ದೋಸೆ ತಿಂದೆ.”

ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಅಷ್ಟರಲ್ಲಿ ಅತ್ತಿಗೆ ಜಯಪುರದ ಬಸ್ಸಿಳಿದು ಸೀದಾ ಅಂಗಡಿಗೇ ಬಂದರು. ಕೂರಲೂ ಇಲ್ಲ.

“ಇಂಥ ಗಂಡು ನಿಂಗೆ ಮತ್ತೆ ಸಿಕ್ತದಾ? ನಿನ್ನಣ್ಣ ಹೇಳಿಯಾಯ್ತು, ಇನ್ನು ನಿನ್ನ ವಿಷಯಕ್ಕೆ ನಾವ್ಯಾರೂ ಬರೋದಿಲ್ಲ. ನಾಳೆ ಕಾಯಿಲೆ ಬಿದ್ರೆ ನೋಡೋರು ಯಾರು?”

ಸುಮಿತ್ರಾಳ ಮುಖ ಬಾಡಿತು. ಅವಳಿಗೆ ಇರುವುದು ಆ ಒಬ್ಬ ಅಣ್ಣ. ಈಗ ಸೋಲುತ್ತಾಳೆ ಅಂದುಕೊಂಡೆ. ಅವಳು ಸ್ಟೂಲ್ ಎಳೆದು ಅತ್ತಿಗೆಯನ್ನು ಕೂರಿಸಿದಳು, ಕುಡಿಯಲು ನೀರು ಕೊಟ್ಟಳು.

“ಬೇಡ ಅತ್ತಿಗೆ,” ಎಂದಳು.

“ಅಲ್ಲ ಮಾರಾಯ್ತಿ, ಅವನು ನಿಂಗೆ ಮಾಡಿದ್ದಾದ್ರೂ ಎಂತ? ಕೈ ಎತ್ತಿದನಾ?”

“ಎತ್ತೋ ತನಕ ಕಾಯ್ಬೇಕಿತ್ತಾ?”