ಲಾಳಿಯ ಕಟ್ಟಿಗೆಯ ಗೇರಿನ ಗುಂಡು

ಸುನಂದಾ, ನಿನ್ನ ದೇವರ ಜಗಲಿಯ ಮೇಲಿರುವ, ಕಾರಿನ ಆ ಗೇರಿನ ಗುಂಡು ನಿನ್ನ ಅಪ್ಪ ಮಾಡಿದ್ದಲ್ಲ. ನಾನು ಮಾಡಿದ್ದು. ಅವನು ಮಾಡಿದ್ದನ್ನು ನಾನು ಸುಟ್ಟುಹಾಕಿದೆ.

ಹೇಳಿಬಿಟ್ಟೆ. ಇನ್ನು ಉಳಿದದ್ದನ್ನೂ ಹೇಳಬೇಕು — ಅದೇ ಹೆಚ್ಚು ಕೆಟ್ಟದ್ದು.

ಆ ಕೆಂಪು ಬಣ್ಣದ, ಎರಡೇ ಸೀಟಿನ ವಿಲಾಯತಿ ಕಾರು ಮೊದಲು ಗಡಹಿಂಗ್ಲಜದ ಒಬ್ಬ ಇನಾಮದಾರರದು. ಅವರ ಮಕ್ಕಳು ಅದನ್ನು ಬೆಲ್ಲದ ವ್ಯಾಪಾರಿಗೆ ಮಾರಿದರು. ಅವನು ಗೋದಾಮಿನ ಮೂಲೆಗೆ ತಳ್ಳಿ ಮೇಲೆ ಗೋಣಿಚೀಲ ಒಟ್ಟಿದ. ಅಲ್ಲಿಂದ ಗುಜರಿಯೆಂದು ಎಳೆದುಕೊಂಡು ಬಂದವನು ನಿನ್ನ ಅಪ್ಪ, ನನ್ನ ಜೀವದ ಗೆಳೆಯ ರಾಚಪ್ಪ — ಇಚಲಕರಂಜಿ ಹತ್ತಿರದ ಯಡ್ರಾವದಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದವನು. ಹಳೆಯ ಕಾರು ಎಂದರೆ ಕೊಲ್ಲಾಪುರದಲ್ಲಿ ನನ್ನ ಗ್ಯಾರೇಜೇ ಎಂಬ ಸೊಕ್ಕು ಆಗ ನನಗೆ. ಬಾನೆಟ್ ಎತ್ತಿ ನೋಡಿ ನಕ್ಕೆ.

“ಇದು ಓಡೂದಿಲ್ಲೋ ರಾಚ್ಯಾ. ಕೋಳಿ ಸಾಕು ಇದರಾಗ,” ಎಂದೆ. ನಾಲ್ಕು ಜನರ ಮುಂದೆ.

ಓಡಿತು. ಸಿಗದ ಭಾಗಗಳಿಗೆಲ್ಲ ಅವನು ಮಗ್ಗದ ಸಾಮಾನು ಹಚ್ಚಿದ — ಸ್ಪ್ರಿಂಗು, ಬೋಲ್ಟು, ಬಾಗಿಲಿನ ಹಿಡಿ. ಒಡೆದುಹೋದ ಗೇರಿನ ಗುಂಡಿನ ಜಾಗಕ್ಕೆ ಮಗ್ಗದಲ್ಲಿ ನೂಲು ಓಡಿಸುವ ಹಳೆಯ ಲಾಳಿಯ ಕಟ್ಟಿಗೆ ಕೆತ್ತಿ ಕೂರಿಸಿದ. ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಡ್ರಾವದಿಂದ ಕೊಲ್ಲಾಪುರದ ನನ್ನ ಗ್ಯಾರೇಜಿನ ತನಕ ಬಂದು ಹಾರ್ನ್ ಹೊಡೆದ. ಒಂದು ಚುಚ್ಚುಮಾತೂ ಆಡಲಿಲ್ಲ. ಚಹಾ ಕುಡಿದು ಹೋದ. ಏನಾದರೂ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ...

ಅವನು ತೀರಿಕೊಂಡ ಮೇಲೆ ನೀನು ಕಾರು ಮಾರಬೇಕಾಗಿ ಬಂತು. ಕೊಂಡ ಸಾಹುಕಾರರಿಗೆ ಎಲ್ಲ ಒರಿಜಿನಲ್ಲೇ ಆಗಬೇಕು; ಮಗ್ಗದ ಸಾಮಾನು ತೆಗೆದು ಅಸಲಿ ಭಾಗ ಕೂರಿಸುವ ಕೆಲಸ ನನ್ನ ಕೈಗೇ ಬಂತು. ನೀನು ಕೇಳಿದ್ದು ಒಂದೇ.

“ಕಾಕಾ, ಅಪ್ಪ ಕೈಯಾರ ಮಾಡಿದ್ದು ಆ ಗುಂಡು ಒಂದು ಕಳಚಿ ಕೊಡ್ರಿ. ಬ್ಯಾರೆ ಏನೂ ಬ್ಯಾಡ ನನಗ.”

ಆತವ್ವಾ ಎಂದೆ.

ಮರೆತೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಶುದ್ಧ ಸುಳ್ಳು. ಮರೆತಿರಲಿಲ್ಲ. ರಾಚಪ್ಪನ ಕೈಕೆಲಸವನ್ನು ಒಂದೊಂದಾಗಿ ಕಳಚುವಾಗ ಒಳಗೊಳಗೆ ಹಿತವಾಗುತ್ತಿತ್ತು — ಹೌದು, ಹಿತವೇ. ನಾನು ಆಗದೆಂದದ್ದನ್ನು ಇವನು ಮಾಡಿದನೆಂಬ ಗುರುತೇ ಉಳಿಯಬಾರದು ಎಂಬ ಹೊಟ್ಟೆಕಿಚ್ಚು, ಸತ್ತವನ ಮೇಲೆ. ಒಂದು ಚಳಿಯ ಮುಂಜಾನೆ, ನೀರು ಕಾಯಿಸುವ ಬಂಬಿನ ಬೆಂಕಿಗೆ ಅದನ್ನು ಎಸೆದೆ. ಅವನ ಅಂಗೈಯ ಎಣ್ಣೆ ಕುಡಿದ ಕಟ್ಟಿಗೆ, ಚೆನ್ನಾಗಿ ಉರಿಯಿತು. ಆ ನೀರಿನಲ್ಲೇ ಕೈ ತೊಳೆದುಕೊಂಡೆ.

ಗುಂಡು ಒಯ್ಯಲು ಬರುತ್ತೇನೆಂದು ನಿನ್ನ ಫೋನ್ ಬಂತು. ಆಗಲೂ ನಿಜ ಹೇಳಬಹುದಿತ್ತು. ಹೇಳಲಿಲ್ಲ, ಇಚಲಕರಂಜಿಯ ಗುಜರಿ ಅಂಗಡಿಯಿಂದ ಹಳೆಯ ಲಾಳಿ ಹುಡುಕಿ ತಂದೆ. ಕೆತ್ತಿದೆ, ಗ್ರೀಸು ತಿಕ್ಕಿದೆ, ಹೊಗೆ ಹಿಡಿಸಿದೆ. ವರ್ಷಾನುಗಟ್ಟಲೆ ಹಿಡಿದು ಸವೆದಂತೆ ಕಾಣಲೆಂದು ಹೆಬ್ಬೆರಳಿಗೆ ಪಾಲಿಶ್ ಪೇಪರ್ ಸುತ್ತಿಕೊಂಡು, ಉಜ್ಜಿ ಉಜ್ಜಿ ಒಂದು ಕುಳಿ ಮಾಡಿದೆ. ನೀನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ, ಕಣ್ಣಿಗೆ ಒತ್ತಿಕೊಂಡೆ. ಆಮೇಲೆ ನನ್ನ ಕಾಲಿಗೆ ನಮಸ್ಕಾರ ಮಾಡಿದೆ. ನಾನು ಆಶೀರ್ವಾದ ಬೇರೆ ಮಾಡಿದೆ!

ಪ್ರತಿ ಖಂಡೇನವಮಿಗೆ, ಆಯುಧಪೂಜೆಯ ದಿನ, ನೀನು ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ ಪೂಜೆ ಮಾಡುತ್ತೀ, ನನ್ನನ್ನು ಊಟಕ್ಕೆ ಕರೆಯುತ್ತೀ. ಹೋದ ವರ್ಷ ಅದನ್ನು ನನ್ನ ಅಂಗೈಯಲ್ಲಿಟ್ಟೆ ನೀನು.

“ಇಲ್ಲಿ ನೋಡ್ರಿ ಕಾಕಾ, ಅಪ್ಪಾನ ಹೆಬ್ಬಟ್ಟ ಸವದದ್ದು. ಭಾಳ ಸಂಕಟ ಆದಾಗ ಇದರಾಗ ನನ್ನ ಹೆಬ್ಬಟ್ಟ ಇಟ್ಟಕೊಂಡು ಕುಂದರತೇನಿ. ಅವರು ಕೈ ಹಿಡದಂಗ ಆಗತೈತಿ.”

ನೀನು ಹೋಳಿಗೆ ಬಡಿಸಿದೆ. ತಿಂದೆ ನಾನು. ಥೂ, ತಿಂದೆ —

ಈ ಸಲ ಊಟದ ಹೊತ್ತಿಗೆ ಬರುವುದಿಲ್ಲ. ನೀನು ಅದಕ್ಕೆ ಕುಂಕುಮ ಹಚ್ಚುವ ಮೊದಲೇ ಬಂದು, ಇಲ್ಲಿ ಬರೆದಿದ್ದನ್ನೆಲ್ಲ ನಿನ್ನೆದುರು ನಿಂತು ಬಾಯಿಬಿಟ್ಟು ಹೇಳುತ್ತೇನೆ. ಅಪ್ಪನದೆಂದು ನಿನ್ನ ಹತ್ತಿರ ಇರುವುದು ಅದೊಂದೇ ಎಂದು ಗೊತ್ತು. ಅದನ್ನೂ ಕಸಿದುಕೊಂಡು, ಬದಲಿಗೆ ಕೊಡಲು ನನ್ನ ಬಳಿ ಏನೂ ಇಲ್ಲ. ಕ್ಷಮಿಸು ಎನ್ನುವ ಮುಖವೂ ಇಲ್ಲ. ಆದರೆ ನೀನು ಬೆರಳಿಟ್ಟು ಕೂರುವ ಆ ಕುಳಿ ರಾಚಪ್ಪನದಲ್ಲ ಸುನಂದಾ — ಅವನದನ್ನು ಸುಟ್ಟವನ ಹೆಬ್ಬೆರಳು ಅದು.